ಪೂಜೆಗೆ ಕೂತ ಸೈರನ್

೨೦೦೧ರ ಅಕ್ಟೋಬರ್ ೨೬, ಶುಕ್ರವಾರ, ದಸರಾ. ಸಂಜೆ ನಾಲ್ಕು ಇಪ್ಪತ್ತಕ್ಕೆ ಠಾಣೆಯ ಫೋನು ಹೊಡೆದುಕೊಂಡಾಗ ಇನ್ಸ್‌ಪೆಕ್ಟರ್ ಗೂಳಪ್ಪ ಸಂಜೆಯ ಬಂದೋಬಸ್ತಿನ ಪಟ್ಟಿ ತಿದ್ದುತ್ತಿದ್ದ. ಕರ್ವೆ ರಸ್ತೆಯ ಕಡೇಮನಿ ಎಲೆಕ್ಟ್ರಾನಿಕ್ಸ್‌ನ ಮಾಲೀಕ ಬಸವಲಿಂಗ ಕಡೇಮನಿ ಮಾತಾಡಿದ. ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ವಿಡಿಯೋ ಕ್ಯಾಮೆರಾ ಕಳುವಾಗಿತ್ತು.

“ಅಂಗಡಿ ತುಂಬ ಜನ ಇದ್ದಾಗ?”

“ಹೌದ್ರಿ ಸಾಹೇಬ್ರ. ಎಲ್ಲಾರ ಕಣ್ಣ ಮುಂದನ.”

ಗೂಳಪ್ಪ ಅಕ್ಕಲಕೋಟೆಯ ಕನ್ನಡದವನು. ಪುಣೆಯ ಪೊಲೀಸಿನಲ್ಲಿ ಹದಿನೆಂಟು ವರ್ಷ ಮರಾಠಿಯಲ್ಲೇ ಗದರಿಸಿ ಮರಾಠಿಯಲ್ಲೇ ಬರೆದವನು. ಕನ್ನಡದಲ್ಲಿ ದೂರು ಬಂದರೆ ಮಾತ್ರ ಅವನಿಗೆ ಮನೆಯವರೇ ಕರೆದಂತಾಗುತ್ತಿತ್ತು. ಪೇದೆ ಬಾಳುವನ್ನು ಕರೆದುಕೊಂಡು ಹತ್ತೇ ನಿಮಿಷದಲ್ಲಿ ಅಂಗಡಿ ಮುಟ್ಟಿದ.

ಅಂಗಡಿಯ ನಡುವೆ ಎದೆಯೆತ್ತರದ ಮರದ ಕಟ್ಟೆ. ಅದರ ಮೇಲೆ ಸಾಲಾಗಿ ನಾಲ್ಕು ಕ್ಯಾಮೆರಾ, ಎದುರಿಗೆ ದೊಡ್ಡ ಟಿ.ವಿ. ಯಾರು ಬೇಕಾದರೂ ಕ್ಯಾಮೆರಾ ಕೈಗೆತ್ತಿಕೊಳ್ಳಬಹುದು, ತಿರುಗಿಸಿದ ಕಡೆಯದೆಲ್ಲ ಟಿ.ವಿ.ಯಲ್ಲಿ ಕಾಣುತ್ತದೆ. ಕೆಂಪು ಗುಂಡಿ ಒತ್ತಿದರೆ ಚಿತ್ರ ತುಂಬಿಕೊಳ್ಳುತ್ತದೆ, ಇನ್ನೊಂದು ಒತ್ತಿದರೆ ತುಂಬಿದ್ದನ್ನು ತೋರಿಸುತ್ತದೆ. ಇಡೀ ಪೇಟೆಯ ಮಕ್ಕಳು ಅಲ್ಲಿ ಬಂದು ತಮಗೇ ನಾಲಿಗೆ ಚಾಚಿ ಹೋಗುತ್ತಿದ್ದರು. ಪ್ರತಿ ಕ್ಯಾಮೆರಾದ ತಳಕ್ಕೆ ಉಕ್ಕಿನ ಪಟ್ಟಿ, ಪಟ್ಟಿಗೊಂದು ಪುಟ್ಟ ಕೀಲಿ, ಅಂದರೆ ಬೀಗ, ಕೀಲಿಯಿಂದ ಕಟ್ಟೆಯೊಳಗೆ ಹೋಗುವ ಉಕ್ಕಿನ ತಂತಿ. ತಂತಿ ಜಗ್ಗಿದರೆ ಸೈರನ್ ನದಿಯ ಆಚೆ ದಡಕ್ಕೂ ಕೇಳುವಂತೆ ಕೂಗಬೇಕು. ಹೋದ ವರ್ಷದ ಗಣಪತಿ ಹಬ್ಬಕ್ಕೆ ಇದನ್ನೆಲ್ಲ ಕೂಡಿಸಿದವನು ಅವಧೂತ ಎಂಬ ಮೆಕ್ಯಾನಿಕ್.

ಈಗ ಮೂರನೇ ಕ್ಯಾಮೆರಾ ಇರಲಿಲ್ಲ. ಸೈರನ್ ಕೂಗಿರಲೂ ಇಲ್ಲ.

“ಸೈರನ್ ಚಾಲೂ ಇತ್ತೇನು?” ಗೂಳಪ್ಪ ಕೇಳಿದ.

“ಇತ್ರಿ,” ಎಂದ ಬಸವಲಿಂಗ, ಮೂಲೆಯಲ್ಲಿ ನಿಂತಿದ್ದ ಅವಧೂತನ ಕಡೆ ಗದ್ದ ಎತ್ತಿ ತೋರಿಸುತ್ತ. “ಅದರ ಹೊಟ್ಟಿಯೊಳಗ ಏನದ ಅನ್ನೂದು ಅವನೊಬ್ಬಗನ ಗೊತ್ತು. ಮೂರಕ್ಕ ಬಂದಾನ. ಹಬ್ಬದ ದಿನ ಇವನಿಗೇನು ಕೆಲಸ ಇಲ್ಲಿ?”

ಹಬ್ಬದ ಎಲೆ ಕೊಡಲು ಬಂದಿದ್ದ ಅವಧೂತನ ಕೈಯಲ್ಲಿ ಆ ಎಲೆಗಳು ಹಾಗೇ ಮುದುಡಿದ್ದವು. ನಗರದ ಮೂವತ್ತು ಅಂಗಡಿಗಳಿಗೆ ಕೀಲಿ, ಸೈರನ್ ಕೂಡಿಸುವವನು ಅವನು. ಅವನ ಹೆಸರಿನ ಮುಂದೆ ಒಮ್ಮೆ ಕಳ್ಳತನದ ಕಲಮು ಬಿತ್ತೆಂದರೆ ಮೂವತ್ತೂ ಬಾಗಿಲು ಮುಚ್ಚುತ್ತವೆ. ಅದು ಅವನಿಗೂ ಗೊತ್ತಿತ್ತು.

ಬಾಳು ಬಾಗಿಲು ಹಾಕಿಸಿ ಹತ್ತೊಂಬತ್ತು ಗಿರಾಕಿಗಳ ಚೀಲ ತಡಕಿದ. ಏನೂ ಸಿಗಲಿಲ್ಲ. ಇನ್ನು ಪಂಚನಾಮೆ, ಸಾಕ್ಷಿಗಳ ಸಹಿ ಬೇಕಾದ ಮಹಜರು. ಆ ಶಬ್ದ ಕಿವಿಗೆ ಬಿದ್ದ ಕೂಡಲೇ ಜನಕ್ಕೆಲ್ಲ ಮನೆಯ ಕೆಲಸ ನೆನಪಾಗುತ್ತದೆ. ಕೊನೆಗೆ ಸಾಕ್ಷಿಗೆ ನಿಲ್ಲಲು ಇಬ್ಬರು ಉಳಿದರು. ಒಬ್ಬ ಪಕ್ಕದ ಔಷಧಿ ಅಂಗಡಿಯವ. ಇನ್ನೊಬ್ಬರು ಮಾಲೀಕನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಪರಿಚಯದ ಕುಸುಮ ಅಕ್ಕೋರು, ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು.

“ನಮ್ಮ ಸ್ನೇಹಲ್‌ನ ತಾಯಿ,” ಎಂದು ಬಸವಲಿಂಗ ದನಿ ತಗ್ಗಿಸಿ ಹೇಳಿದ. “ಈ ಕಟ್ಟಿ ಮುಂದ ನಿಂತು ಗಿರಾಕಿಗೆ ಕ್ಯಾಮೆರಾ ತೋರಸ್ತಿದ್ಲರಿ, ಆ ಹುಡುಗಿ. ಜುಲೈದಾಗ ಜ್ವರ ಬಂತು. ನಾಲ್ಕ ದಿನದಾಗ ಹೋದ್ಲು.”

ಅಕ್ಕೋರು ಬಟ್ಟೆಯ ಚೀಲದೊಳಗೆ ಕೈ ಹಾಕಿ ನಾಲ್ಕು ಎಲೆ ತೆಗೆದು ಅವನ ಅಂಗೈಯಲ್ಲಿಟ್ಟರು. “ಬಂಗಾರ ತಗೋರಿ ಸಾಹೇಬ್ರ.” ಊರಿನಲ್ಲಿ ಬನ್ನಿ ಕೊಟ್ಟ ಹಿರಿಯರಿಗೆ ಮಾಡುವಂತೆ ಗೂಳಪ್ಪ ಬಗ್ಗಿ, ಯೂನಿಫಾರ್ಮಿನಲ್ಲೇ, ಅವರ ಕಾಲು ಮುಟ್ಟಿದ. ಆಮೇಲೆ ಅಕ್ಕೋರು ಪಂಚನಾಮೆ ಪೂರ್ತಿ ಓದಿ, ಸಹಿ ಹಾಕಿ, ತಾವೇ ವಿಳಾಸ ಮತ್ತು ತಾರೀಖು ಬರೆದರು. ಸಮಯ ಐದು ಹತ್ತು.

ಅವಧೂತನನ್ನು ವಿಚಾರಣೆಗೆಂದು ಠಾಣೆಗೆ ಕರೆತಂದರು. ಭಾರತೀಯ ದಂಡ ಸಂಹಿತೆಯ ೩೮೦ನೇ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ‘ಅಪರಿಚಿತ’ ಎಂದು ಬರೆಸಿದರೂ ಗೂಳಪ್ಪನ ಕಣ್ಣು ಬೆಂಚಿನ ಮೇಲೆ ಕೂತ ಅವಧೂತನ ಮೇಲೇ ಇತ್ತು. ಮರಾಠಿಯಲ್ಲಿ ಪ್ರಶ್ನೆ, ಮರಾಠಿಯಲ್ಲಿ ಉತ್ತರ.

“ಸೈರನ್ ಕೂಗಲಿಲ್ಲ ಯಾಕೆ?”

“ಗೊತ್ತಿಲ್ಲ ಸಾಹೇಬ್. ನಾನು ಮಾಡಿದ ಸೈರನ್ ಕೂಗದೆ ಇರಲ್ಲ.”

“ಕೂಗಿಲ್ಲವಲ್ಲ.”

“ಹಾಗಾದರೆ ಚಾಲೂ ಇರಲಿಲ್ಲ.”

ಆ ರಾತ್ರಿ ಅವನು ಠಾಣೆಯ ಬೆಂಚಿನ ಮೇಲೇ ಕಳೆದ.

ಮರುದಿನ, ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಗೂಳಪ್ಪ ಠಾಣೆಗೆ ಬಂದಾಗ ಬಾಳು ಒದ್ದೆ ಬಟ್ಟೆಯಿಂದ ರೈಫಲ್‌ಗಳ ಮೇಲಿನ ಅರಿಷಿಣ ಕುಂಕುಮ ಒರೆಸುತ್ತಿದ್ದ. ಖಂಡೇನವಮಿಯ ಆಯುಧಪೂಜೆಗೆ ಕೂಡಿಸಿದ್ದವು.

“ನಿನ್ನೆ ಒಂದು ವೇಳೆ ಬೇಕಾಗಿದ್ದರೆ?” ಗೂಳಪ್ಪ ನಗೆಯಾಡುತ್ತ ಕೇಳಿದ.

“ಪೂಜೆಗೆ ಕೂತದ್ದನ್ನ ಹೇಗೆ ಎತ್ತೋದು ಸಾಹೇಬ್?”

ಗೂಳಪ್ಪನ ನಗೆ ಅಲ್ಲಿಗೇ ನಿಂತಿತು. ನಿನ್ನೆ ಅಂಗಡಿಯಲ್ಲಿ ಸೈರನ್ ಪೆಟ್ಟಿಗೆಯ ಮೇಲೂ ಕುಂಕುಮ ಇತ್ತು. ಕಂಡಿದ್ದ, ಕಂಡೂ ಕಂಡಿರಲಿಲ್ಲ. ಅವನ ಮನೆಯಲ್ಲೂ ತಾಯಿ ಹೊಲಿಗೆ ಯಂತ್ರವನ್ನು ಹೀಗೇ ಕೂಡಿಸಿ, ದಶಮಿ ಸಂಜೆಯ ತನಕ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅವನು ನೇರ ಕರ್ವೆ ರಸ್ತೆಗೆ ಹೋದ. ನಿನ್ನೆಯ ಗಲಾಟೆಯಲ್ಲಿ ಸಂಜೆಯ ಪೂಜೆ ಆಗಿರಲಿಲ್ಲ. ಪೆಟ್ಟಿಗೆಯ ಸ್ವಿಚ್ಚಿಗೆ ಸುತ್ತಿದ ಚೆಂಡು ಹೂವಿನ ಸರ ಬಾಡಿತ್ತು, ಆದರೆ ಹರಿದಿರಲಿಲ್ಲ. ಸರ ಹರಿಯದೆ ಆ ಸ್ವಿಚ್ಚು ಹಾಕಲು ಬರುತ್ತಿರಲಿಲ್ಲ. ನಾಲ್ಕೂ ಕೀಲಿ ದೇವರ ತಟ್ಟೆಯಲ್ಲಿ, ಅಕ್ಕಿಕಾಳಿನ ಮೇಲೆ ಬೆಚ್ಚಗೆ ಮಲಗಿದ್ದವು.

“ಸೈರನ್ ಚಾಲೂ ಇತ್ತು ಅಂದ್ರಲ್ಲ, ಶೇಟಜೀ?”

ಬಸವಲಿಂಗ ತಟ್ಟೆಯ ಕಡೆ ನೋಡಿದ. “ಕ್ಯಾಮೆರಾ ಮಾರೋ ಸಾಮಾನ್ರಿ, ಅವನ್ನ ಹಬ್ಬದ ದಿನ ಕೆಳಗ ಇಡಾಕ ಬರೂದಿಲ್ಲ. ಕೀಲಿ, ಸೈರನ್ ಅಂದ್ರ ದುಡಿಯೋ ಸಾಮಾನು. ನಮ್ಮ ಅಪ್ಪನ ಕಾಲದಿಂದ ಹಂಗನ ಅದ. ವಿಮಾದವರಿಗೆ ಗೊತ್ತಾದ್ರ ನಗತಾರಂತ…”

“ನಿಮ್ಮನ್ನ ನೋಡಿ ನಗಬಾರದು ಅಂತ ಅವಧೂತನ್ನ ಒಂದು ರಾತ್ರಿ ಬೆಂಚಿನ ಮ್ಯಾಲೆ ಕೂಡಿಸಿದ್ರಿ.”

ಬಸವಲಿಂಗ ತಲೆ ತಗ್ಗಿಸಿದ. ಗೂಳಪ್ಪನಿಗೆ ಕೆನ್ನೆಗೆರಡು ಬಿಡಬೇಕೆನಿಸಿತು. ಬಿಡಲಿಲ್ಲ, ಹೇಳಿಕೆ ಬರೆಸಿಕೊಂಡ.

ಠಾಣೆಗೆ ಮರಳಿದವನೇ ಅವಧೂತನಿಗೆ ಚಹಾ ಕೊಡಿಸಿ ಎದುರಿಗೆ ಕುರ್ಚಿ ಹಾಕಿಸಿದ. “ನೀನು ಹೇಳಿದ್ದೇ ನಿಜ. ಈಗ ಇದನ್ನ ಹೇಳು, ಆ ಕ್ಯಾಮೆರಾ ಒಯ್ದವರು ಅದನ್ನ ಏನು ಮಾಡಬಹುದು?”

“ಏನೂ ಮಾಡಕ್ಕಾಗಲ್ಲ. ಕಟ್ಟೆ ಮೇಲಿನ ಕ್ಯಾಮೆರಾಗಳಿಗೆ ಬ್ಯಾಟರಿನೇ ಇಲ್ಲ ಸಾಹೇಬ್, ಉಕ್ಕಿನ ತಂತಿಯ ಜೊತೆಗೇ ಇನ್ನೊಂದು ವೈರಿನಲ್ಲಿ ಕರೆಂಟು ಕೊಟ್ಟಿದ್ದೀನಿ. ತೆಗೆದುಕೊಂಡು ಹೋದರೆ ಅದು ಕಲ್ಲು.”

“ಇದು ಗೊತ್ತಿದ್ದವರು?”

“ಡಬ್ಬಿಯಲ್ಲಿ ಇರೋದನ್ನ ಕದೀತಾರೆ, ಕಟ್ಟೆ ಮೇಲಿಂದಲ್ಲ.”

ಅಂದರೆ ಒಯ್ದವರಿಗೆ ಕ್ಯಾಮೆರಾದ ಗಂಧಗಾಳಿ ಇಲ್ಲ. ಮನೆಗೆ ಹೋದ ಮೇಲೆ ತಿಳಿದಿರುತ್ತದೆ, ಅಡಾಪ್ಟರ್ ಹುಡುಕುತ್ತಾರೆ. ಹುಡುಕಲು ಪುಣೆಯಲ್ಲಿ ಇರುವುದು ಬುಧವಾರ ಪೇಟೆಯ ಎರಡು ಗಲ್ಲಿ. ಬಾಳು ಮೋಟರ್‌ಸೈಕಲ್ ಹತ್ತಿದ.

ಮಧ್ಯಾಹ್ನ ಒಂದೂವರೆಗೆ ಬಾಳು ಒಂದು ಚೀಟಿ ಹಿಡಿದು ಬಂದ. ಆ ದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ವಯಸ್ಸಾದ ಹೆಂಗಸೊಬ್ಬರು ಬಂದು, ಇಂಥ ಕ್ಯಾಮೆರಾಕ್ಕೆ ವೈರು ಬೇಕು ಎಂದು ಕೇಳಿದ್ದರಂತೆ. ಅಂಗಡಿಯವ ಸೋಮವಾರ ತರಿಸುತ್ತೇನೆಂದು ಚೀಟಿ ಇಟ್ಟುಕೊಂಡಿದ್ದ. ಚೀಟಿಯಲ್ಲಿ ಕ್ಯಾಮೆರಾದ ಹಿಂಬದಿಯ ತೂತಿನ ಚಿತ್ರ, ಅದಕ್ಕೆ ಬಾಣದ ಗುರುತು, ಕೆಳಗೆ ಮಾಡೆಲ್ ನಂಬರು. ಕರಿಹಲಗೆಯ ಮೇಲೆ ಕೊನೆಯ ಬೆಂಚಿನವರಿಗೂ ಕಾಣುವಂತೆ ಬರೆದ ದುಂಡು ಅಂಕಿಗಳು, ಅವುಗಳ ಕೆಳಗೆ ಅಳತೆ ಪಟ್ಟಿ ಇಟ್ಟು ಎಳೆದ ಎರಡು ಗೆರೆ.

ಗೂಳಪ್ಪ ಚೀಟಿಯನ್ನು ನೋಡುತ್ತ ಕೂತ. ಕೈ ತಾನಾಗಿ ಫೈಲಿಗೆ ಹೋಯಿತು. ನಿನ್ನೆಯ ಪಂಚನಾಮೆ ತೆರೆದು ಚೀಟಿಯನ್ನು ಪಕ್ಕಕ್ಕಿಟ್ಟ. ೨೬-೧೦-೨೦೦೧. ಅದೇ ದುಂಡು ಅಂಕಿ, ಕೆಳಗೆ ಅವೇ ಎರಡು ಗೆರೆ.

ಹದಿನೆಂಟು ವರ್ಷದ ನೌಕರಿಯಲ್ಲಿ ಅವನಿಗೆ ಇಂಥ ಪೆಟ್ಟು ಬಿದ್ದಿರಲಿಲ್ಲ. ಹತ್ತೊಂಬತ್ತು ಜನರ ಚೀಲ ತಡಕಿಸಿದವನು, ಸಾಕ್ಷಿಗೆ ನಿಂತವರ ಚೀಲ ತಡಕಲು ಹೇಳಿರಲಿಲ್ಲ. ಅವರು ಎಲೆ ತೆಗೆದದ್ದು ಆ ಚೀಲದಿಂದ. ತಾನು ಬಗ್ಗಿ ಕಾಲು ಮುಟ್ಟಿದಾಗ ಚೀಲ ತನ್ನ ಹಣೆಯಿಂದ ಗೇಣು ದೂರದಲ್ಲಿ ತೂಗುತ್ತಿತ್ತು. ಬಾಳು “ಸಾಹೇಬ್, ನೀರು ತರಲಾ?” ಎಂದು ಕೇಳಿದ್ದು ಅವನಿಗೆ ಎರಡನೆಯ ಸಲಕ್ಕೆ ಕೇಳಿಸಿತು.

ನಾಲ್ಕೂವರೆಗೆ ನಾರಾಯಣ ಪೇಟೆಯ ಹಳೆಯ ವಾಡೆಯೊಂದರ ಮಹಡಿ ಹತ್ತಿದರು. ಗೂಳಪ್ಪ, ಬಾಳು, ಮಹಿಳಾ ಪೇದೆ ಇಂದೂ, ವಾಡೆಯವರೇ ಆದ ಇಬ್ಬರು ಹೊಸ ಪಂಚರು. ಕ್ಯಾಮೆರಾ ಗುರುತಿಸಲು ಅವಧೂತ ಅಡಾಪ್ಟರ್ ಹಿಡಿದು ಹಿಂದೆ ಬಂದಿದ್ದ. ಗೂಳಪ್ಪ ಜೋಡು ಹೊರಗೆ ಬಿಟ್ಟು ಒಳಗೆ ಹೋದ.

ಅಕ್ಕೋರು ಅವರನ್ನು ನೋಡಿ ಬೆದರಲಿಲ್ಲ. ಅವಧೂತನ ಕಡೆ ಮಾತ್ರ ನೋಡಿದರು. “ಅವನ್ನ ಬಿಟ್ರೇನು?”

“ಬಿಟ್ಟೇವ್ರಿ. ಕ್ಯಾಮೆರಾ ಎಲ್ಲದ ಅಕ್ಕಾರ?”

ಮಗಳ ಫೋಟೋದ ಮುಂದೆ, ಬಿಳಿ ಟವೆಲಿನಲ್ಲಿ ಸುತ್ತಿ ಇಟ್ಟಿದ್ದರು.

“ಯಾಕ ಮಾಡಿದ್ರಿ?”

“ಅದರಾಗಿನ ಕ್ಯಾಸೆಟ್ ಬೇಕಾಗಿತ್ತು. ಅದರ ಬಾಗಿಲಿಗೆ ಅಡ್ಡ ಇದ್ದ ತಳದ ಪಟ್ಟಿ ಬಿಚ್ಚಾಕ ಬರಲಿಲ್ಲ. ಅದಕ್ಕ ಎಲ್ಲಾ ತಂದೆ.” ಪಾಠ ಒಪ್ಪಿಸುವವರಂತೆ ಒಂದೊಂದೇ ಮಾತು ಹೇಳಿದರು. “ಫೋಟೋ ಭಾಳ ಅವ, ಸಾಹೇಬ್ರ. ದನಿ ಎಲ್ಲೂ ಇಲ್ಲ. ಆಗಸ್ಟ್‌ನಾಗ ಹೋಗಿ ಕೇಳಿದೆ, ನಮ್ಮ ಹುಡುಗಿ ಆ ಕ್ಯಾಸೆಟ್‌ನ್ಯಾಗ ಇರಬೇಕಲ್ಲಾ ಅಂತ. ಕಡೇಮನಿಯವರು, ಗಿರಾಕಿ ದಿನಾ ಅದರ ಮ್ಯಾಲನ ತುಂಬತಾರ, ಏನೂ ಉಳದಿಲ್ಲ ಅಂದ್ರು. ನೋಡಿ ಹೇಳಲಿಲ್ಲ, ಬಾಯಿಲೆ ಅಂದ್ರು. ಈ ಬುಧವಾರ ಹೋದಾಗ ಯಾರೋ ತಮ್ಮ ಮಗೂನ ಚಿತ್ರ ನೋಡಾಕ ಗುಂಡಿ ಒತ್ತಿದ್ರು. ಅದು ಮುಗದ ಮ್ಯಾಲ ನನ್ನ ಮಗಳು ಬಂದ್ಲು. ಅಷ್ಟ ದೊಡ್ಡ ಟಿ.ವಿ. ತುಂಬ. ನಾ ಕೂಗೂದರೊಳಗ ಅವರು ಬಂದ್ ಮಾಡಿದ್ರು.”

“ಮತ್ತ ಕೇಳಲಿಲ್ಲೇನ್ರಿ?”

“ಕೇಳಿದೆ. ಹಬ್ಬ ಮುಗೀಲಿ ಅಕ್ಕಾರ, ಆಮ್ಯಾಲ ನೋಡೂಣು ಅಂದ್ರು. ದಸರಾದ ಗದ್ದಲದಾಗ ಎಷ್ಟ ಮಂದಿ ಆ ಕೆಂಪು ಗುಂಡಿ ಒತ್ತತಾರ, ನೀವ ಹೇಳ್ರಿ. ಹೋದ ವರ್ಷದ ದಸರಾದಾಗ ಆಕಿನ ಮನಿಗೆ ಬಂದು ನಕ್ಕೋತ ಹೇಳಿದ್ಲು, ಅವ್ವಾ, ಇವತ್ತ ನಮ್ಮ ಸೈರನ್‌ಗೂ ಸೂಟಿ ಅಂತ.” ಟವೆಲಿನ ಮಡಿಕೆ ಸರಿಮಾಡಿದರು. “ಅವಧೂತನ್ನ ಒಯ್ದಾಗ ಬಾಯಿ ಬಿಡಬೇಕಾಗಿತ್ತು. ಒಂದ ಸಲ ಆಕಿ ದನಿ ಕೇಳಿ, ನಾನಽ ಠಾಣೆಕ್ಕ ಬರಾಕಿದ್ದೆ. ಈ ದರಿದ್ರದ್ದು ಚಾಲೂನ ಆಗಲಿಲ್ಲ.”

ಇಂದೂ ಕಿಟಕಿಯ ಕಡೆ ತಿರುಗಿ ನಿಂತಳು. ಗೂಳಪ್ಪ, ಜಪ್ತಿ ಮಾಡಿದ ಮಾಲು ಅದೇ ಹೌದೋ ಅಲ್ಲವೋ ಖಾತ್ರಿಯಾಗಬೇಕು, ಚಾಲೂ ಮಾಡಿ ನೋಡೋಣ ಎಂದ. ಹಾಗೆ ಮಾಡಲೇಬೇಕೆಂದು ಯಾವ ನಿಯಮವೂ ಇರಲಿಲ್ಲ. ಅವಧೂತ ಕ್ಯಾಮೆರಾವನ್ನು ಅಕ್ಕೋರ ಮನೆಯ ಸಣ್ಣ ಟಿ.ವಿ.ಗೆ ಕೂಡಿಸಿ, ಕ್ಯಾಸೆಟ್ಟನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ಬಿಟ್ಟ.

ಹೊಸ ಸೀರೆಯವರು, ಗಾಂಧಿ ಟೋಪಿಯ ಒಬ್ಬ ಮುದುಕ, ಹಲ್ಲು ಬಿದ್ದ ಒಂದು ಮಗು. ಎಲ್ಲವೂ ನಿನ್ನೆಯವು. ಆಮೇಲೆ ಯಾರೋ ಗುಂಡಿ ನಿಲ್ಲಿಸದೆ ಕ್ಯಾಮೆರಾ ಕಟ್ಟೆಯ ಮೇಲಿಟ್ಟು ಹೋಗಿದ್ದರು. ಖಾಲಿ ಗೋಡೆ ಕಾಣುತ್ತಿದ್ದ ಪರದೆಯೊಳಗೆ ಅಕ್ಕೋರ ಮುಖ ಬಂತು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೈ ಮುಂದೆ ಬಂತು.

ಪಂಚರೊಬ್ಬರ ಬಾಯಿಂದ “ಅರೇ ದೇವಾ” ಎಂಬ ಉದ್ಗಾರ ಹೊರಟಿತು. ಅಕ್ಕೋರು ಪರದೆಯ ಹತ್ತಿರ ಬಂದರು. “ಅಂದ್ರ ನಾನಽ…” ಎಂದರು. ಕ್ಯಾಸೆಟ್ಟಿನಲ್ಲಿ ತುಂಬಿಕೊಂಡವರ ಸಾಲಿನಲ್ಲಿ ಕೊನೆಯವರು ಇವರೇ, ಮಗಳ ಮೇಲೆ ತಮ್ಮ ಮುಖವನ್ನೇ ತುಂಬಿ ಬಂದಿದ್ದಾರೆ.

ಚಿತ್ರ ಒಮ್ಮೆ ಅದುರಿ ಮುರಿಯಿತು. ಕರೆಂಟಿನ ವೈರು ಕಿತ್ತ ಕ್ಷಣ ಅದು. ಕರೆಂಟು ಹೋಗಿ ತುಂಬುವುದು ಅಲ್ಲಿಗೇ ನಿಂತಿತ್ತು.

ಅದರ ಆಚೆಗೆ ಸ್ನೇಹಲ್ ಇದ್ದಳು. ಹಳದಿ ಚೂಡಿದಾರ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ನು. ಹಿಂಜರಿಯುತ್ತಿದ್ದ ಯಾರೋ ಕನ್ನಡದ ಗಿರಾಕಿಗೆ ಹೇಳುತ್ತಿದ್ದಳು: “ಹೆದರಬ್ಯಾಡ್ರಿ, ಕೈಯಾಗ ತಗೋರಿ. ಎಲ್ಲಿ ಹೋಗತದ? ಕಟ್ಟಿ ಇಟ್ಟೇವಲ್ಲ.” ನಕ್ಕಳು. ಆಮೇಲೆ ನೀಲಿ ಪರದೆ.

ಹನ್ನೊಂದು ಸೆಕೆಂಡು. ಗೂಳಪ್ಪ ಗಡಿಯಾರ ನೋಡಿ ಬರೆದುಕೊಂಡ. ಪಂಚನಾಮೆಗೆ ಒಂದು ಸಲ ಸಾಕಿತ್ತು, ಅವನು ನಾಲ್ಕು ಸಲ ಹಾಕಿಸಿದ. ಐದು ಐವತ್ತಕ್ಕೆ ಇಂದೂ ಅಕ್ಕೋರ ಕೈ ಹಿಡಿದು ಮೆಟ್ಟಿಲು ಇಳಿಸಿದಳು.

ಠಾಣೆಯಲ್ಲಿ ಬಂಧನದ ಕಾಗದ ಬರೆದಾದ ಮೇಲೆ ಗೂಳಪ್ಪ ಇನ್ನೊಂದು ಟಿಪ್ಪಣಿ ಬರೆದ: ಮೊದಲ ಪಂಚನಾಮೆಯ ಇಬ್ಬರು ಪಂಚರಲ್ಲಿ ಒಬ್ಬರೇ ಆರೋಪಿ, ಅವರನ್ನು ಆರಿಸಿದ್ದು ನಾನು, ತಪ್ಪು ನನ್ನದು. ಮೇಲಿನವರು ಏನೆನ್ನುತ್ತಾರೋ ಅನ್ನಲಿ. ಅವನ ಅಂಗಿಯ ಜೇಬಿನಲ್ಲಿ ನಿನ್ನೆಯ ನಾಲ್ಕು ಎಲೆ ಇನ್ನೂ ಇದ್ದವು.

ಅವಧೂತ ಪಟ್ಟಿ ಬಿಚ್ಚಿ ಕ್ಯಾಸೆಟ್ ಹೊರತೆಗೆದ. ಅರಗು ಹಾಕಿ ಮುದ್ರೆ ಒತ್ತುವ ಮೊದಲು ಅದರ ಅಂಚಿನಲ್ಲಿದ್ದ ಒಂದು ಸಣ್ಣ ತುಂಡನ್ನು ಉಗುರಿನಿಂದ ಪಕ್ಕಕ್ಕೆ ಸರಿಸಿದ.

“ಏನದು?”

“ಇನ್ನು ಇದರ ಮೇಲೆ ಯಾರೂ ಏನೂ ತುಂಬಕ್ಕಾಗಲ್ಲ ಸಾಹೇಬ್.” ಅವಧೂತ ಕ್ಯಾಸೆಟ್ಟನ್ನು ಲಕೋಟೆಯೊಳಗಿಟ್ಟ. “ಆಗಸ್ಟಿನಲ್ಲಿ ನನ್ನನ್ನ ಕೇಳಿದ್ದರೆ ಎರಡು ನಿಮಿಷದ ಕೆಲಸ. ಯಾರೂ ಕೇಳಲಿಲ್ಲ.”

ಗೂಳಪ್ಪ ಲಕೋಟೆ ಕೈಗೆ ತೆಗೆದುಕೊಂಡು, ಮೇಲೆ ಕೇಸಿನ ನಂಬರು ಬರೆದ. ಜಪ್ತಿಯ ಪಟ್ಟಿಯಲ್ಲಿ, ಕೋರ್ಟಿನ ಅಪ್ಪಣೆಯಾದ ಮೇಲೆ ಯಾರಿಗೆ ಒಪ್ಪಿಸಬೇಕು ಎಂಬ ಸಾಲಿನಲ್ಲಿ ಕಡೇಮನಿಯ ಹೆಸರು ಬರೆಯಬೇಕಿತ್ತು. ಅವನು ಕ್ಯಾಮೆರಾ ಒಂದು, ಕ್ಯಾಸೆಟ್ ಒಂದು ಎಂದು ಎರಡನ್ನೂ ಬೇರೆ ಬೇರೆ ಬರೆದು, ಕ್ಯಾಸೆಟ್ಟಿನ ಸಾಲಿಗೆ ಮಾತ್ರ ಹೆಸರು ಹಾಕದೆ ಜಾಗ ಬಿಟ್ಟ.