ಬಾರದ ಹೆಸರು

"ಹ್ವಾಯ್, ನಿಮ್ಮ್ ಸೈಟಿಗೆ ಕಣ್ ಕಾಣುದಿಲ್ಯಾ ಎಂತ? ನಾನ್ ಇಲ್ಲೇ ಕೂತಿದ್ದೆ, ನನ್ನ್ ಹೆಸ್ರೇ ಬತ್ತಿಲ್ಲೆ."

ಪೂಜಿತಾ ಮಾನಿಟರಿನ ಕಡೆ ಬೆರಳು ತೋರಿಸಿದಳು. ಶೈಲೇಶನ ಕಿವಿ ಬಿಸಿಯಾಯಿತು.

ಅದು ಕುಂದಾಪುರ ಪೇಟೆಯಲ್ಲಿ ಮಂಜಯ್ಯನವರು ನಡೆಸುವ ಮದುವೆ ಸಂಬಂಧಗಳ ಆಫೀಸು. ಬೈಂದೂರು ಕಡೆಯ ಪೂಜಿತಾ ಅಲ್ಲಿ ಗಂಡು ಹೆಣ್ಣಿನ ವಿವರ ಟೈಪ್ ಮಾಡುವವಳು. ಕೋಡಿಯ ಶೈಲೇಶ ಹಗಲು ಐಸ್ ಪ್ಲಾಂಟಿನಲ್ಲಿ ದುಡಿದು, ಸಂಜೆ ಕ್ಲಾಸಿನಲ್ಲಿ ಕಲಿತ ಫ್ರೇಮ್‌ವರ್ಕಿನಲ್ಲಿ ಆ ಆಫೀಸಿಗೊಂದು ವೆಬ್‌ಸೈಟ್ ಕಟ್ಟುತ್ತಿದ್ದ.

ಪರೀಕ್ಷೆಗೆಂದು ಇಬ್ಬರೂ ತಂತಮ್ಮ ವಿವರವನ್ನೇ ತುಂಬಿಸಿದ್ದು ಅವಳ ಯೋಚನೆ. "ಬೇರೆಯವ್ರದ್ದ್ ಹಾಕಿರೆ ಅವ್ರಿಗ್ ಬೇಜಾರಾತ್ತ್," ಎಂದಿದ್ದಳು, ಕಿಟಕಿಯ ಕಡೆ ನೋಡುತ್ತ. ಭಾನುವಾರ ಮಲ್ಪೆಯ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು. ತನ್ನ ಹೆಸರಿಗೆ ಅವಳ ಹೆಸರು ಹೊಂದಿ ಬಂದರೆ ಇವತ್ತೇ ಕೇಳಿಬಿಡಬೇಕೆಂದು ಶೈಲೇಶ ಧೈರ್ಯ ಕಟ್ಟಿಕೊಂಡಿದ್ದ.

ಸಂಜೆಯಿಂದ ಒಂದಲ್ಲ ಒಂದು ಎರರ್. ಮೊದಲು ಪುಟವೇ ಸಿಗಲಿಲ್ಲ. ಪುಟದ ವಿಳಾಸ ಹೇಳುವ ರೂಟ್ ಬರೆಯುವಾಗ ಒಂದಕ್ಷರ ಬಿಟ್ಟುಹೋಗಿತ್ತು. ಆಮೇಲೆ ಪುಟ ಪೂರ್ತಿ ಬೆಳ್ಳಗೆ. ಎರರ್ ತೋರಿಸುವ ಸೆಟ್ಟಿಂಗ್ ಆನ್ ಮಾಡಿದ ಮೇಲೆ ಗೊತ್ತಾಯಿತು, ಡೇಟಾಬೇಸಿನ ಪಾಸ್‌ವರ್ಡ್ ತಪ್ಪು.

"ಬಿಳಿ ಪುಟಕ್ಕಿಂತ ಎರರೇ ವಾಸಿ," ಎಂದಿದ್ದ ಶೈಲೇಶ. "ಎಲ್ಲಿ ತಪ್ಪಿತ್ತ್ ಅಂದಾದ್ರೂ ಹೇಳತ್ತ್."

"ಕೆಲವರ್ ಬಿಳಿ ಪುಟದ್ ಹಾಂಗೇ ಇರ್ತ್ರ್," ಎಂದು ಅವಳು ಕಣ್ಣಂಚಿನಲ್ಲಿ ಅವನನ್ನು ನೋಡಿದ್ದಳು. "ಬಾಯೇ ಬಿಡುದಿಲ್ಲೆ."

ಈಗ ಪುಟ ಬಂದಿತ್ತು. ಬೇರೆ ಹೆಣ್ಣುಮಕ್ಕಳ ಹೆಸರೆಲ್ಲ ಬಂದಿತ್ತು. ಹಳೆಯ ಪುಟವೇ ಉಳಿದಿರಬಹುದೆಂದು ಅವನು ಬ್ರೌಸರಿನ ಕ್ಯಾಶ್ ಅಳಿಸಿದ. ಇಲ್ಲ. ವಯಸ್ಸು, ಓದು, ಎತ್ತರ, ಒಂದೊಂದೇ ಫಿಲ್ಟರ್ ತೆಗೆಯುತ್ತ ಹೋದ.

"ಗಿಡ್ಡಿ ಅಂದ್ಹೇಳಿ ನನ್ನ್ ಬಿಟ್ಟದ್ದಾ?" ಅವಳು ನಕ್ಕಳು.

ಎತ್ತರ ತೆಗೆದರೂ ಬರಲಿಲ್ಲ. ಉಳಿದದ್ದು ಒಂದೇ ಸಾಲು. ಮೌಸ್ ಮೇಲಿದ್ದ ಅವನ ಕೈ ನಿಂತಿತು.

"ನಿಮ್ದ್ ಯಾವ ಬಳಿ?"

ಅವಳು ಹೇಳಿದಳು. ಅವನು ಮಾನಿಟರಿನಿಂದ ಕಣ್ಣು ತೆಗೆಯಲಿಲ್ಲ. ಅವಳ ನಗು ತುಟಿಯ ಮೇಲೆಯೇ ತಣ್ಣಗಾಯಿತು.

"ನಿಮ್ದೂ ಅದೇಯಾ?"

ಬಳಿ ಎಂದರೆ ಗೋತ್ರದ ಹಾಗೆ, ಆದರೆ ತಾಯಿಯ ಕಡೆಯಿಂದ ಬರುವುದು. ಒಂದೇ ಬಳಿಯವರೆಂದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಲೆಕ್ಕ. ಮದುವೆಯ ಮಾತೇ ಇಲ್ಲ. ಆ ನಿಯಮವನ್ನು ಹಿಂದಿನ ವಾರ ತಾನೇ ಎರಡೆರಡು ಸಲ ಪರೀಕ್ಷಿಸಿ ಸೈಟಿಗೆ ಸೇರಿಸಿದ್ದ. ಕೋಡಿನಲ್ಲಿ ಯಾವ ತಪ್ಪೂ ಇರಲಿಲ್ಲ. ತಪ್ಪಿದ್ದರೆ ರಾತ್ರಿಯೆಲ್ಲ ಕೂತು ತಿದ್ದುತ್ತಿದ್ದ.

"ಆ ಲೈನ್ ಒಂದ್ ತೆಗ್ದ್ ಕಾಣಿ."

ತೆಗೆದ. ಅವನ ಹೆಸರಿನ ಕೆಳಗೆ, ಎಲ್ಲರಿಗಿಂತ ಮೊದಲು, ಪೂಜಿತಾ.

ಇಬ್ಬರೂ ನೋಡುತ್ತ ಕೂತರು.

"ಚಂದ ಕಾಣತ್ತ್," ಎಂದಳು. ಕೀಬೋರ್ಡನ್ನು ಅವನ ಕಡೆ ಸರಿಸಿ, "ವಾಪಾಸ್ ಹಾಕಿ. ನಮ್ಮಮ್ಮ ಎಲ್ಲಕ್ಕಿಂತ ಮುಂಚೆ ಬಳಿಯೇ ಕೇಂಬುದ್."

"ನಮ್ಮಮ್ಮನೂ."

ಆ ಸಾಲನ್ನು ಮರಳಿ ಹಾಕಿದ. ಹೆಸರು ಹೋಯಿತು.

"ಪೂಜಿತಾ, ನಾನ್ ಇವತ್ತ್ ಒಂದ್ ಮಾತ್ ಕೇಂಬ ಅಂದ್ಹೇಳಿ..."

"ಗೊತ್ತಿತ್ತ್. ಕೇಣ್ಬೇಡಿ. ಕೇಂಡ್ರೆ ನಂಗ್ ಉತ್ರ ಹೇಳ್ಕಾತ್ತ್."

ಅಷ್ಟರಲ್ಲಿ ಮಂಜಯ್ಯನವರು ಕನ್ನಡಕ ಒರೆಸುತ್ತ ಒಳಗೆ ಬಂದರು. ಪರದೆಗೆ ಬಗ್ಗಿ, "ಎಲ್ಲ ಬಂತ್, ನಮ್ಮ್ ಪೂಜಿತಾ ಎಂತಕ್ಕೆ ಇಲ್ಲೆ? ಎರರಾ?" ಎಂದರು.

"ಎರರ್ ಅಲ್ಲ," ಎಂದಳು ಪೂಜಿತಾ. "ನಮ್ದಿಬ್ರದ್ದೂ ಒಂದೇ ಬಳಿ. ಸೈಟ್ ಸಮಾ ಇತ್ತ್."

ಮಂಜಯ್ಯನವರ ಮುಖ ಅರಳಿತು. "ಹಾಂಗಾರೆ ಅಣ್ಣ ತಂಗಿ ಆಯ್ತಲ್ದಾ! ಶೈಲೇಶ, ಅಣ್ಣ ತಮ್ಮ ಇಲ್ಲದ್ ಹೆಣ್ ಇದ್. ಭಾನುವಾರ ಮಲ್ಪೆಯವ್ರ್ ಬಪ್ಪತ್ತಿಗೆ ನೀನ್ ಹೋಯಿ ನಿಲ್ಕ್, ಕಾಣ್. ಮಾತಾಡುಕೆ ಮನಿಯವ್ರ್ ಅಂದ್ಹೇಳಿ ಒಬ್ರ್ ಬೇಕ್."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಇಲ್ಲವೆನ್ನಲು ಶೈಲೇಶನಿಗೆ ಕಾರಣ ಸಿಗಲಿಲ್ಲ.

"ಹೋತೆ," ಎಂದ. ಆಮೇಲೆ ಅವಳ ಕಡೆ ತಿರುಗಿದ. "ಎಷ್ಟೊತ್ತಿಗೆ ಬರ್ಕ್?"

ಪೂಜಿತಾ ಹೇಳಲು ಬಾಯಿ ತೆರೆದಳು. ಅವನನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಹಾಗೆಯೇ ನಿಂತಳು.