ಹಗ್ಗದ ಆಟದ ಚೀಟಿ

‘ಕುದುರೆ ಚೆನ್ನಾಗಿದೆ. ಸವಾರ ದಡ್ಡ. ಪಕ್ಕದಲ್ಲೇ ಹೊಳೆ ಹರಿಯುತ್ತಿದ್ದರೂ ನಾವು ಗುಂಡಿ ಒತ್ತುವ ತನಕ ಆ ಪ್ರಾಣಿಗೆ ನೀರು ಕುಡಿಸುವುದಿಲ್ಲ. ಕೊನೆಯಲ್ಲಿ ಕುದುರೆ ಸಾಯುತ್ತದೆ. ಆಡುವವರು ಅಳಲಿ ಅಂತಲೇ ಸಾಯಿಸಿದ್ದಾರೆ. ನಾನು ಅಳಲಿಲ್ಲ. ಮತ್ತೆ ಆಡ್ತೀರಾ? — ಇಲ್ಲ.’

ಇದು ನಾನು ಬರೆದ ಚೀಟಿ. ಹದಿನೈದು ದಿನದ ನಂತರ ಅದು ನನ್ನ ಕೈಗೇ ವಾಪಸ್ ಬಂತು. ಕೆಳಗೆ ಬೇರೆ ಅಕ್ಷರದಲ್ಲಿ ಎರಡು ಸಾಲು ಸೇರಿದ್ದವು.

‘ಯಜಮಾನ್ರೇ, ನೀವು ಅತ್ತಿದ್ದೀರಿ. ಅಳದೇ ಇದ್ದವರು ಅಳಲಿಲ್ಲ ಅಂತ ಯಾಕೆ ಬರೀತಾರೆ? — ಶಾಂತರಾಜು, ಅಜ್ಜೀಪುರ.’

ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ನಾನು ಅತ್ತಿದ್ದೆ. ಸೆರಗಿನಲ್ಲಿ ಮೂಗು ಒರೆಸಿಕೊಂಡೇ ಆ ಚೀಟಿ ಬರೆದಿದ್ದೆ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದೆ ಮಹದೇವಣ್ಣನ ಅಂಗಡಿ ಇದೆ. ಒಂದು ಕಾಲದಲ್ಲಿ ಸಿನಿಮಾ ಸಿ.ಡಿ. ಬಾಡಿಗೆಗೆ ಕೊಡುತ್ತಿದ್ದವನು ಈಗ ವಿಡಿಯೋ ಗೇಮ್ ಕೊಡುತ್ತಾನೆ. ಅವನದೊಂದು ನಿಯಮ. ಆಟ ಪೂರ್ತಿ ಮುಗಿಸಿದವರು ತಮಗೆ ಅನ್ನಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದು ಆಟದ ಡಬ್ಬಿಯೊಳಗೆ ಇಡಬೇಕು. ಮುಗಿಸದವರು ಬರೆಯುವಂತಿಲ್ಲ. ಆ ಡಬ್ಬಿಯನ್ನು ಮುಂದೆ ಒಯ್ದವರು ಚೀಟಿಯ ಕೆಳಗೆ ಉತ್ತರ ಬರೆದರೆ, ಅದನ್ನು ಮೊದಲು ಬರೆದವರಿಗೇ ತಲುಪಿಸುತ್ತಾನೆ. ಚೀಟಿಯ ಕೊನೆಗೆ ಅವನೇ ಅಚ್ಚು ಹಾಕಿಸಿದ ಒಂದು ಪ್ರಶ್ನೆ: ಮತ್ತೆ ಆಡ್ತೀರಾ? ಆಟಗಳ ಹೆಸರು ಇಂಗ್ಲಿಷಿನಲ್ಲಿ ಏನೇ ಇರಲಿ, ನಮ್ಮ ಬಾಯಲ್ಲಿ ಅವು ಕುದುರೆ ಆಟ, ಕತ್ತಿ ಆಟ, ದೀಪದ ಆಟ.

ಅಂಗಡಿಯ ಬಾಡಿಗೆ ಕಾರ್ಡು ಅಪ್ಪನ ಹೆಸರಿನಲ್ಲಿದೆ, ಚಿಕ್ಕಸಿದ್ದಯ್ಯ, ಯಳಂದೂರು. ಸಿ.ಡಿ. ಕಾಲದಲ್ಲಿ ಮಾಡಿಸಿದ್ದು. ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ರಿಟೈರ್ ಆದರೂ ಬಸ್ ಬಿಡಲು ಮನಸ್ಸಿಲ್ಲ. ವಾರಕ್ಕೆ ಮೂರು ಸಲ ಕೊಳ್ಳೇಗಾಲಕ್ಕೆ ಹೋಗಿ ಹಳೇ ಸ್ನೇಹಿತರ ಜೊತೆ ಟೀ ಕುಡಿದು ಬರುತ್ತಾರೆ. ನಾನು ಯಳಂದೂರಿನ ಒಂದು ಲ್ಯಾಬಿನಲ್ಲಿ ದಿನವಿಡೀ ರಕ್ತ ತೆಗೆಯುವವಳು, ನನಗೆಲ್ಲಿ ಪುರುಸೊತ್ತು? ಅಪ್ಪನೇ ಸೊಪ್ಪಿನ ಚೀಲದಲ್ಲಿ ಡಬ್ಬಿ ಹಾಕಿಕೊಂಡು ಬರುತ್ತಾರೆ, ವಾಪಸ್ ಕೊಡುತ್ತಾರೆ. ಚೀಟಿಗೆ ಕಾರ್ಡಿನ ಹೆಸರನ್ನೇ ಹಾಕುವುದು ರೂಢಿ. ಹೀಗಾಗಿ ಕೊಳ್ಳೇಗಾಲ, ಹನೂರಿನ ಆಟಗಾರರ ಪಾಲಿಗೆ ನಲವತ್ತು ಆಟ ಮುಗಿಸಿದ ಖಾರದ ಬಾಯಿಯ ಮನುಷ್ಯ ನಮ್ಮ ಅಪ್ಪ.

ನಾನು ಶಾಂತರಾಜುಗೆ ಉತ್ತರ ಬರೆದೆ. ‘ನಿಮಗೆ ಕುದುರೆ ಸತ್ತದ್ದು ಮುಖ್ಯವೋ, ನಾನು ಅತ್ತದ್ದೋ?’

ಅವನು ಬರೆದ, ‘ಕುದುರೆ ಹೋಯ್ತು. ನೀವು ಇದ್ದೀರಲ್ಲ.’

ಅಲ್ಲಿಂದ ಶುರುವಾಯಿತು ನೋಡಿ, ಒಂದು ವರ್ಷದ ಜಗಳ. ದೀಪದ ಆಟದಲ್ಲಿ ಸಮುದ್ರದ ನಡುವೆ ಒಬ್ಬಂಟಿ ಮುದುಕ ದೀಪ ಕಾಯುತ್ತಾನೆ. ನನಗೆ ಅದು ಪ್ರಾಣ, ಆದರೂ ಕೊನೆಯ ಪ್ರಶ್ನೆಗೆ ರೂಢಿಯಂತೆ ‘ಇಲ್ಲ’ ಎಂದೇ ಬರೆದೆ. ಶಾಂತರಾಜು ಬರೆದದ್ದು: ‘ಎಂಟು ಗಂಟೆ ಎಣ್ಣೆ ಹಾಕಿದೆ. ನಮ್ಮ ಅಂಗಡೀಲಿ ಇದೇ ಕೆಲಸಕ್ಕೆ ಸಂಬಳ ಕೊಡ್ತಾರೆ.’ ಊರು ಕಟ್ಟುವ ಆಟ ಅವನಿಗೆ ಪ್ರಾಣ. ನಾನು ಬರೆದದ್ದು: ‘ಜನರಿಗೆ ಮುಖವೇ ಇಲ್ಲದ ಊರನ್ನು ಕಟ್ಟಿ ಏನು ಮಾಡಲಿ?’ ಅವನು ಹನೂರಿನಲ್ಲಿ ಬೋರ್‌ವೆಲ್ ಮೋಟಾರಿಗೆ ವೈಂಡಿಂಗ್ ಮಾಡುತ್ತಾನೆಂದು ಮಹದೇವಣ್ಣ ಅಪ್ಪನಿಗೆ ಹೇಳಿದ್ದ. ಅವನ ಚೀಟಿಗಳ ಅಂಚಿನಲ್ಲಿ ವಾರ್ನಿಷ್ ಮೆತ್ತಿದ ಹೆಬ್ಬೆರಳಿನ ಗುರುತು ಇರುತ್ತಿತ್ತು. ಅದನ್ನು ಮೂಸಿ ನೋಡುವಷ್ಟು ನನಗೆ ಹುಚ್ಚು ಹಿಡಿದಿತ್ತು, ಸುಳ್ಳೇಕೆ ಹೇಳಲಿ.

ಒಂದು ದಿನ ಅಪ್ಪ ನಗುತ್ತಾ ಬಂದರು.

“ಮಗ, ಆ ಅಜ್ಜೀಪುರದ ಉಡ್ಗ ಸಿಕ್ಕಿದ್ದ ಕಣವ್ವ. ಕೈ ಮುಗ್ದು, ‘ಯಜಮಾನ್ರೇ, ಕತ್ತಿ ಆಟದಲ್ಲಿ ಆ ಎರಡು ತಲೆಯವ್ನ ಎಂಗೆ ಒಡೆದ್ರಿ?’ ಅಂತಾನೆ.”

“ಅಯ್ಯೋ! ನೀನೇನಂದೆ?”

“ನಂಗೇನ್ ಗೊತ್ತು? ‘ತಾಳ್ಮೆ ಬೇಕು ಕಣಪ್ಪ’ ಅಂದೆ. ತಲೆ ಅಳ್ಳಾಡಿಸ್ಕಂಡು ಒಂಟೋದ.”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪ ನಗಲಿಲ್ಲ.

“ನೀನೇ ಅಂತ ಏಳ್ಬುಡದಲ್ವಾ?”

“ಬ್ಯಾಡಪ್ಪ.”

ಯಾಕೆ ಬೇಡ ಎಂದರೆ, ಆನ್‌ಲೈನಿನಲ್ಲಿ ಒಂದೆರಡು ಸಲ ಆಡಿ ನನಗೆ ಬುದ್ಧಿ ಬಂದಿತ್ತು. ನನ್ನ ದನಿ ಕೇಳಿದ ಕೂಡಲೇ ಒಬ್ಬ ಬೈಯುತ್ತಾನೆ, ಒಬ್ಬ ಫೋಟೋ ಕಳಿಸು ಅಂತ ಗೋಗರೆಯುತ್ತಾನೆ, ಮತ್ತೊಬ್ಬ ಪಾಪ ಹುಡುಗಿ ಅಂತ ಬೇಕೆಂದೇ ಸೋಲುತ್ತಾನೆ. ಬೈಯುವವನಿಗಿಂತ ಬೇಕೆಂದೇ ಸೋಲುವವನನ್ನು ಕಂಡರೆ ನನಗೆ ಸಿಟ್ಟು ಜಾಸ್ತಿ. ಶಾಂತರಾಜು ನನಗೆ ಒಂದು ಸಲವೂ ಸೋತುಕೊಟ್ಟಿರಲಿಲ್ಲ. ನಾನು ಹೆಣ್ಣೆಂದು ಗೊತ್ತಾದ ದಿನ ಆ ಜಗಳ ನಿಂತುಹೋದರೆ? ಆ ಜಗಳ ಬಿಟ್ಟರೆ ನನ್ನ ವಾರದಲ್ಲಿ ಕಾಯುವಂಥದ್ದು ಇನ್ನೇನೂ ಇರಲಿಲ್ಲ.

ಆಗ ಬಂದಿದ್ದು ಹಗ್ಗದ ಆಟ. ಇಬ್ಬರು ಬೆಟ್ಟ ಹತ್ತುವವರು, ಇಬ್ಬರ ಸೊಂಟಕ್ಕೂ ಒಂದೇ ಹಗ್ಗ, ಒಂಬತ್ತು ಹಂತ. ಒಬ್ಬರೇ ಆಡಲು ಬರುವುದಿಲ್ಲ. ಡಬ್ಬಿಯ ಮೇಲೆ ಶಾಂತರಾಜು ಚೀಟಿ ಅಂಟಿಸಿ ಕಳಿಸಿದ್ದ: ‘ಯಜಮಾನ್ರೇ, ಇದಕ್ಕೆ ಇಬ್ಬರು ಬೇಕು. ಭಾನುವಾರ ಹನ್ನೊಂದಕ್ಕೆ ಮಹದೇವಣ್ಣನ ಅಂಗಡಿಗೆ ಬನ್ನಿ. ನೀವು ಬಾಯಲ್ಲಿ ಮಾತ್ರ ಹುಲಿಯೋ ಹೇಗೆ ನೋಡೋಣ.’

ಅಪ್ಪ ಅದನ್ನು ಓದಿ, ಕನ್ನಡಕ ತೆಗೆದು, “ನಾನಂತೂ ಓಯ್ತೀನಿ. ಕರ್ದವ್ನೆ” ಅಂದರು. “ನೀನೂ ಬಾ. ಇಲ್ದಿದ್ರೆ ನಾನು ಬೆಟ್ಟದಿಂದ ಬಿದ್ದು ಸಾಯ್ತೀನಿ.”

ಹೋದೆವು.

ಶಾಂತರಾಜು ಆಗಲೇ ಬಂದು ಕೂತಿದ್ದ. ಕರಿ ಅಂಗಿ, ತೋಳು ಮಡಚಿದ್ದ. ಬೆರಳ ತುದಿಗಳು ತಾಮ್ರದ ತಂತಿ ಎಳೆದೂ ಎಳೆದೂ ಒರಟಾಗಿದ್ದವು. ಅಪ್ಪನನ್ನು ಕಂಡೊಡನೆ ಎದ್ದು ಕುರ್ಚಿ ಒರೆಸಿದ. ನನಗೆ ಒಂದು ನಮಸ್ಕಾರ, ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವನ ಕಣ್ಣು ಪೂರ್ತಿ ‘ಯಜಮಾನ’ರ ಮೇಲೆ.

ಅಪ್ಪ ಮೊದಲನೇ ಹಂತದಲ್ಲೇ ನಾಲ್ಕು ಸಲ ಬಿದ್ದರು. ಐದನೆಯ ಸಲ ಬಂಡೆಗೆ ಬೆನ್ನು ಹಾಕಿ ನಿಂತರು. ಶಾಂತರಾಜು ಗಲಿಬಿಲಿಗೊಂಡ.

“ಯಜಮಾನ್ರೇ, ಕತ್ತಿ ಆಟ ಮುಗ್ಸಿದೋರು ನೀವು...”

“ಕಣ್ಣು ಮಂಜಾಗದೆ ಕಣಪ್ಪ. ತಗಳವ್ವ ನೀನು.” ಕಂಟ್ರೋಲರ್ ನನ್ನ ಮಡಿಲಿಗೆ ಬಂತು. ಅಪ್ಪ ಟೀ ಕುಡಿಯಲು ಎದ್ದು ಹೋದರು.

ಕೈಗೆ ಬಂದ ಮೇಲೆ ಸುಮ್ಮನಿರಲು ನನ್ನಿಂದಾಗಲಿಲ್ಲ. ಎರಡನೇ ಹಂತದಲ್ಲಿ ದಾರಿ ಕವಲೊಡೆಯಿತು. ನಾನು ಎಡಕ್ಕೆ ತಿರುಗಿದೆ.

ಅವನ ಬೆರಳು ನಿಂತವು.

“ಎಲ್ರೂ ಬಲಕ್ಕೆ ಓಯ್ತಾರೆ” ಅಂದ ಮೆಲ್ಲಗೆ. “‘ಬಲಗಡೆ ಬೆಳಕು ಹಾಕಿ ಕರೀತಾರೆ, ಅದಕ್ಕೇ ನಾನು ಎಡಕ್ಕೆ ಹೋಗುತ್ತೇನೆ.’ ಕತ್ತಿ ಆಟದ ಚೀಟೀಲಿ ಯಜಮಾನ್ರು ಬರ್ದಿದ್ದ ಮಾತು.”

ನಾನು ಪರದೆಯನ್ನೇ ನೋಡುತ್ತಿದ್ದೆ. ಕಿವಿ ಬಿಸಿಯಾಯಿತು. ಅವನು ಈಗ ಮೊದಲ ಸಲ ನನ್ನನ್ನು ನೋಡುತ್ತಿದ್ದ. ಹಣೆ, ಕಣ್ಣು, ಕಂಟ್ರೋಲರ್ ಹಿಡಿದ ಕೈ, ಮತ್ತೆ ಕಣ್ಣು.

“ನೀವಾ?”

“ನಾನೇ. ಪದ್ಮಿನಿ.”

“ಕುದುರೆ ಆಟಕ್ಕೆ ಅತ್ತಿದ್ದು...”

“ಅತ್ತಿಲ್ಲ ಅಂತ ಬರ್ದಿದ್ದೀನಲ್ಲ.”

ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಂಡ. ಆಮೇಲೆ ಶುರುವಾಯಿತು: “ಸರಿ ಮೇಡಂ. ನೀವು ಏಳ್ದಂಗೇ ಮೇಡಂ. ಮೊದ್ಲು ನೀವು ಬಂಡೆ ಅತ್ತಿ ಮೇಡಂ.” ನಾನು ತಪ್ಪು ದಾರಿ ಹಿಡಿದರೂ ಹಿಂದೆಯೇ ಬಂದ. ನಾನು ಬೇಕೆಂದೇ ಸುಮ್ಮನೆ ನಿಂತರೆ ಅವನೂ ನಿಂತ. ಏಳನೇ ಹಂತದಲ್ಲಿ ಹಗ್ಗ ಬಿಗಿಹಿಡಿಯಬೇಕಾದ ಕಡೆ, “ತಕಳಿ ಮೇಡಂ” ಅಂತ ಸಡಿಲ ಬಿಟ್ಟ. ಇಬ್ಬರೂ ಬಿದ್ದೆವು.

ನಾನು ಕಂಟ್ರೋಲರ್ ಇಟ್ಟು ಎದ್ದೆ. “ಬಸ್ಸಿಗೆ ಟೈಮಾಯ್ತು.” ಆಗಿರಲಿಲ್ಲ.

ಮುಂದಿನ ವಾರ ಅವನ ಚೀಟಿ ಬಂತು. ನನಗೆ ಹಿಡಿಸಿದ ಒಂದು ಆಟದ ಬಗ್ಗೆ ಅವನು ಬರೆದಿದ್ದು ಒಂದೇ ಪದ. ‘ಚೆನ್ನಾಗಿದೆ.’ ಹೆಬ್ಬೆರಳಿನ ಗುರುತೂ ಇಲ್ಲ. ಕೈ ತೊಳೆದುಕೊಂಡು ಬರೆದಿದ್ದಾನೆ ಮಹಾನುಭಾವ! ನಾನು ಹೆದರಿದ್ದು ಹಾಗೇ ಆಗಿಹೋಗಿತ್ತು. ಕುದುರೆ ಸತ್ತಾಗ ಬಂದದ್ದಕ್ಕಿಂತ ದೊಡ್ಡ ಅಳು ಬಂತು. ಈ ಸಲ ಒಪ್ಪಿಕೊಳ್ಳುತ್ತೇನೆ.

ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಶುರು ಮಾಡಿದ್ದನ್ನು ಅರ್ಧಕ್ಕೆ ಬಿಟ್ಟವಳಲ್ಲ ನಾನು. ಒಂದು ಚೀಟಿ ತೆಗೆದುಕೊಂಡೆ.

‘ಹಗ್ಗದ ಆಟ. ಮುಗಿಸಿಲ್ಲ. ಒಬ್ಬರು ಬಿಗಿಯಾಗಿ ಹಿಡಿದರೆ ಮಾತ್ರ ಇನ್ನೊಬ್ಬರು ಹತ್ತಬಹುದು. ಜೊತೆಗಾರ ಎಲ್ಲದಕ್ಕೂ ಸರಿ ಸರಿ ಅಂದರೆ ಇಬ್ಬರೂ ಬೀಳುತ್ತಾರೆ. ನನಗೆ ಮೇಡಂ ಅನ್ನುವವನು ಬೇಡ. ಒಂದು ವರ್ಷ ನನ್ನ ಜೊತೆ ಜಗಳ ಆಡಿದವನು ಬೇಕು. ಅವನನ್ನು ಕಂಡರೆ ನನಗೆ ಇಷ್ಟ. — ಪದ್ಮಿನಿ, ಯಳಂದೂರು.’

ಕೊನೆಯ ಪ್ರಶ್ನೆಗೆ ಉತ್ತರ ಬರೆಯದೆ ಖಾಲಿ ಬಿಟ್ಟೆ. ಮಡಚಿ ಅಪ್ಪನ ಕೈಗೆ ಕೊಟ್ಟೆ. ಮಹದೇವಣ್ಣ, “ಮುಗಿಸ್ದೆ ಬರ್ಯಂಗಿಲ್ವಲ್ಲ ಯಜಮಾನ್ರೇ” ಅಂತ ತಕರಾರು ತೆಗೆದನಂತೆ. ಅಪ್ಪ, “ಇದೊಂದು ಸಲ ಬುಡಪ್ಪ, ಸ್ಟೂಡೆಂಟ್ ಪಾಸು ಅಂತ ತಿಳ್ಕೊ” ಅಂದರಂತೆ.

ಒಂಬತ್ತು ದಿನ ಏನೂ ಬರಲಿಲ್ಲ. ಆ ಒಂಬತ್ತು ದಿನ ಲ್ಯಾಬಿನಲ್ಲಿ ಜನರಿಗೆ ಸೂಜಿ ಜೋರಾಗೇ ಚುಚ್ಚಿರಬೇಕು ನಾನು.

ಹತ್ತನೆಯ ದಿನ ಸೊಪ್ಪಿನ ಚೀಲದಲ್ಲಿ ದಪ್ಪ ಮಡಿಕೆಯೊಂದು ಬಂತು. ನಾಲ್ಕು ಹಾಳೆ, ಎರಡೂ ಬದಿ ಬರಹ, ತುಂಬ ವಾರ್ನಿಷ್ ಕಲೆ.

‘ನೀವು ಬರೆದಿದ್ದರಲ್ಲಿ ಎಲ್ಲೆಲ್ಲಿ ತಪ್ಪಿದೆ ಅಂತ ಮೊದಲಿಂದ ಹೇಳ್ತೀನಿ ಕೇಳಿ. ಊರು ಕಟ್ಟುವ ಆಟದ ಜನಕ್ಕೆ ಮುಖ ಇದೆ. ನೀವು ಹತ್ತಿರ ಹೋಗಿ ನೋಡಲಿಲ್ಲ. ನಿಮಗೆ ಯಾವಾಗಲೂ ಅವಸರ...’

ಓದುತ್ತಾ ಓದುತ್ತಾ ನಾನು ಅಡುಗೆಮನೆಯಲ್ಲಿ ನಿಂತಲ್ಲೇ ಕುಣಿದೆ. ಮೂರೂವರೆ ಹಾಳೆ ಬರೀ ಜಗಳ. ಇಷ್ಟು ಮುದ್ದಾಗಿ ನನ್ನನ್ನು ಯಾರೂ ಬೈದಿರಲಿಲ್ಲ. ಕೊನೆಯ ಅರ್ಧ ಹಾಳೆ ಹೀಗಿತ್ತು:

‘ಆ ಭಾನುವಾರ ಗಾಬರಿ ಆಯ್ತು. ನಿಮ್ಮ ಚೀಟಿಗಳನ್ನ ಒಂದು ವರ್ಷದಿಂದ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡ್ತಿದ್ದೀನಿ. ಒಬ್ಬ ವಯಸ್ಸಾದವರ ಬರಹ ಯಾಕೆ ಇಷ್ಟು ಕಾಡುತ್ತೆ ಅಂತ ನನಗೇ ಗೊತ್ತಾಗ್ತಿರಲಿಲ್ಲ. ಪಕ್ಕದಲ್ಲಿ ನೀವು ಕೂತಿದ್ದು ನೋಡಿ, ಒಂದು ಮಾತು ಹೆಚ್ಚುಕಮ್ಮಿ ಆದರೆ ನೀವು ಬರೆಯೋದೇ ನಿಲ್ಲಿಸ್ತೀರಿ ಅಂತ ಹೆದರಿದೆ. ನನಗೂ ಇಷ್ಟ. ಬಹಳ. ಭಾನುವಾರ ಹನ್ನೊಂದು. ಏಳನೇ ಹಂತದಲ್ಲಿ ಬಿದ್ದಿದ್ದು ಅರ್ಧ ನಿಮ್ಮ ತಪ್ಪು.’

ಇಬ್ಬರಿಗೂ ಇದ್ದದ್ದು ಒಂದೇ ಹೆದರಿಕೆ. ಅದನ್ನು ಹೇಳಿಕೊಳ್ಳಲು ಇಬ್ಬರಿಗೂ ಕಾಗದ ಬೇಕಾಯಿತು.

ಭಾನುವಾರ ಕುರ್ಚಿಗಳು ಹತ್ತಿರ ಹತ್ತಿರ ಇದ್ದವು. ಯಾರು ಹಾಕಿದ್ದೆಂದು ನಾನು ಕೇಳಲಿಲ್ಲ. ಅಪ್ಪ ಬಾಗಿಲ ಬಳಿ ಮಹದೇವಣ್ಣನ ಜೊತೆ ಟೀ ಹಿಡಿದು ಕೂತರು.

“ಎಡಕ್ಕೆ ಬ್ಯಾಡ” ಅಂದ ಶಾಂತರಾಜು.

“ಎಡಕ್ಕೇ.”

“ಅಲ್ಲಿ ಐಸ್ ಅದೆ ಕಣ್ರಿ, ಜಾರ್ತೀರ.”

“ನೀವು ಇಡ್ಕಳಿ ಮತ್ತೆ. ಅದ್ಕೇ ಅಲ್ವಾ ಅಗ್ಗ ಇರದು?”

ನೆಟ್ಟಗೆ ನೋಡಿದ. ಅವನ ಎಡಗಣ್ಣಿನ ಕೆಳಗೆ ಒಂದು ಸಣ್ಣ ಸುಟ್ಟ ಕಲೆ ಇತ್ತು. ನಾನು ಅದನ್ನೇ ನೋಡುತ್ತಿದ್ದೆ ಅಂತ ಅವನಿಗೆ ಗೊತ್ತಾಯಿತು, ಗೊತ್ತಾದದ್ದು ನನಗೆ ಗೊತ್ತಾಯಿತು, ಅಷ್ಟರಲ್ಲಿ ಪರದೆಯ ಮೇಲೆ ಅವನ ಮನುಷ್ಯ ಬಂಡೆಯಿಂದ ಜಾರಿದ. ನಾನು ಬಿಗಿಯಾಗಿ ಹಿಡಿದೆ.

“ಬಂಡೆ ನೋಡಿ. ನನ್ನಲ್ಲ.”

“ಶುರು ಮಾಡಿದ್ದು ನೀವು” ಅಂದ. ನಗು ತಡೆಯಲು ಕೆನ್ನೆ ಒಳಗಿನಿಂದ ಕಚ್ಚಿಕೊಂಡಿದ್ದ.

ಏಳು ದಾಟಿತು. ಎಂಟು ದಾಟಿತು. ಒಂಬತ್ತರಲ್ಲಿ ಅವನು ಕೆಳಗೆ ನಿಂತು ಹಗ್ಗ ಹಿಡಿದ. ಗುಂಡಿ ಒತ್ತಿಯೇ ಇರಬೇಕು, ಸ್ವಲ್ಪ ಬಿಟ್ಟರೂ ನಾನು ಕೆಳಗೆ. ಆ ಒರಟು ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿತ್ತು. ನಾನು ಹತ್ತಿದೆ. ಮೇಲೆ ಹೋಗಿ ತಿರುಗಿ ನಿಂತು ಅವನನ್ನು ಎಳೆದುಕೊಂಡೆ. ಶಿಖರದಲ್ಲಿ ನಿಧಿ ಇರಲಿಲ್ಲ, ರಾಕ್ಷಸನೂ ಇರಲಿಲ್ಲ. ಸುಮ್ಮನೆ ಬಿಸಿಲು ಬಿದ್ದಿತ್ತು. ಇಬ್ಬರು ಮನುಷ್ಯರು ಅಕ್ಕಪಕ್ಕ ಕೂತರು, ಹಗ್ಗ ಬಿಚ್ಚಲಿಲ್ಲ. ಕಂಟ್ರೋಲರ್ ಕೆಳಗಿಟ್ಟ ಮೇಲೂ ಅವನ ಕಿರುಬೆರಳು ನನ್ನ ಕಿರುಬೆರಳಿಗೆ ತಾಗಿಕೊಂಡೇ ಇತ್ತು.

ಶಾಂತರಾಜು ಚೀಟಿ ತೆಗೆದು ಬರೆದ: ‘ಹಗ್ಗದ ಆಟ. ಇಬ್ಬರೂ ಮುಗಿಸಿದೆವು. ಎಡಗಡೆಯೇ ಸರಿ ಇತ್ತು. ಇದೊಂದು ಸಲ ಮಾತ್ರ.’ ಕೊನೆಯ ಪ್ರಶ್ನೆಯ ಹತ್ತಿರ ನಿಲ್ಲಿಸಿ ಪೆನ್ನನ್ನು ನನಗೆ ಕೊಟ್ಟ. “ಇದು ನೀವು ಬರೀಬೇಕು” ಅಂದ.

ಮತ್ತೆ ಆಡ್ತೀರಾ?

‘ಹೂಂ’ ಎಂದು ಬರೆದು, ಇಬ್ಬರ ಹೆಸರನ್ನೂ ಹಾಕಿದೆ.

ಮಹದೇವಣ್ಣ ಚೀಟಿ ತೆಗೆದುಕೊಂಡು, ಬೆಳಕಿಗೆ ಹಿಡಿದು, ಅಪ್ಪನ ಕಡೆ ತಿರುಗಿದ.

“ಏನ್ ಯಜಮಾನ್ರೇ ಇದು? ನಲವತ್ತು ಚೀಟೀಲೂ ‘ಇಲ್ಲ’ ಅಂತ್ಲೇ ಬರ್ದಿತ್ತು ನಿಮ್ ಕಾರ್ಡು. ‘ಹೂಂ’ ಅನ್ನಿಸೋಕೆ ಇಷ್ಟು ದಿನ ಬೇಕಾಯ್ತಾ?”

ಅಪ್ಪ ನನ್ನನ್ನು ನೋಡಿದರು, ಶಾಂತರಾಜುವನ್ನು ನೋಡಿದರು, ಟೀ ಲೋಟ ಕೆಳಗಿಟ್ಟರು.

“ತಾಳ್ಮೆ ಬೇಕು ಕಣಪ್ಪ” ಅಂದರು.