ಓಗೊಟ್ಟವನು ನಾನಲ್ಲ

ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟ ಕಣ್ಣಲ್ಲೇ ನಾನು ಹೆಣವಾಗಲು ಹೋದೆ. ಗುಂಡ್ಲುಪೇಟೆ ಹತ್ತಿರ ಹಿಂದಿ ಸಿನಿಮಾದ ಶೂಟಿಂಗ್ ನಡೆಯುತ್ತಿತ್ತು. ಕೂಲಿಯವನೊಬ್ಬ ಡಾನ್ ಆಗಿ ಮುಂಬೈಯನ್ನೇ ಆಳಿ, ಕೊನೆಗೆ ಗುಂಡೇಟಿಗೆ ಸಾಯುವ ಕಥೆ. ಹೀರೊ ಚಟ್ಟದ ಮೇಲೆ ಮಲಗಲು ಒಪ್ಪಲಿಲ್ಲವಂತೆ. ಮೈಕಟ್ಟು ಹೊಂದುತ್ತದೆಂದು ನನ್ನನ್ನು ಮಲಗಿಸಿದರು.

ಸುಡುಬಿಸಿಲು. ಆದರೂ ಬೆನ್ನ ಕೆಳಗಿನ ಬಿದಿರು ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು.

ಹೊತ್ತವರೆಲ್ಲ ನಮ್ಮೂರಿನವರೇ. ನಮ್ಮಲ್ಲಿ ಹೆಣವನ್ನು ಅರ್ಧದಾರಿಯಲ್ಲಿ ಇಳಿಸಿ, ಜೀವ ಇದೆಯೇನೋ ಎಂದು ಕಿವಿಯಲ್ಲಿ ಮೂರು ಸಲ ಹೆಸರು ಕೂಗುತ್ತೇವೆ. ಯಾರೂ ಹೇಳದಿದ್ದರೂ, ಚಿಕ್ಕಪ್ಪ ಪುಟ್ಟಮಾದಯ್ಯ ರೂಢಿಯಂತೆ ಚಟ್ಟ ಇಳಿಸಿ ಬಗ್ಗಿದ. ಕೂಗಿದ್ದು ಡಾನ್‌ನ ಹೆಸರನ್ನಲ್ಲ, ನನ್ನದನ್ನು.

“ಶಿವಸ್ವಾಮೀ...”

ಕ್ಯಾಮೆರಾ ಓಡುತ್ತಿತ್ತು. ನಾನು ಉಸಿರು ಬಿಗಿಹಿಡಿದೆ. ಮೂರನೆಯ ಕೂಗಿಗೆ “ಓ” ಎಂದು ನನ್ನದೇ ದನಿ ಕೇಳಿಸಿತು.

“ಸುಮ್ನೆ ಮನಿಕಳಕ್ಕೂ ಆಗಕಿಲ್ವೇನ್ಲಾ ನಿಂಗೆ?” ಚಿಕ್ಕಪ್ಪ ಬೈದ.

“ನಾನು ಬಾಯೇ ಬುಟ್ಟಿಲ್ಲ ಕಣ್ ಚಿಕ್ಕಪ್ಪ” ಎಂದೆ. ಅವನು ನಂಬಲಿಲ್ಲ.

ಈಗ ಪಾಳಿ ಮುಗಿಸಿ ಬಂದು ಜಗಲಿಯ ಮೇಲೆ ಕೂತಿರುತ್ತೇನೆ. ಅವ್ವ ಒಳಗಿನಿಂದ ಹೆಸರು ಹಿಡಿದು ಕರೆಯುತ್ತಾಳೆ. ನಾನು ಬಾಯಿ ತೆರೆಯುವ ಮೊದಲೇ ಹಿತ್ತಿಲಿನಿಂದ “ಓ” ಎಂದು ಕೇಳುತ್ತದೆ. ಮೊದಮೊದಲು ಎದ್ದು ಹೋಗಿ ನೋಡುತ್ತಿದ್ದೆ. ಈಗ ಅಷ್ಟು ತ್ರಾಣವಿಲ್ಲ.

ನಿನ್ನೆ ಹಸಿವು ತಾಳದೆ ಅಡುಗೆಮನೆಗೆ ಹೋದೆ.

“ಈಗ್ತಾನೇ ಉಂಡ್ಯಲ್ಲ ಮಗಾ” ಎಂದು ಅವ್ವ ಎಂಜಲು ತಟ್ಟೆ ತೋರಿಸಿದಳು. ಬಿಸಿ ಸಾರು ಬಡಿಸಿದ್ದ ಆ ತಟ್ಟೆ ಅವತ್ತಿನ ಬಿದಿರಿನಷ್ಟೇ ತಣ್ಣಗಿತ್ತು.